ಹೊಲ ನಮ್ಮದು, ಮೇಲಿನ ಆಕಾಶ?

ಹೋದ ವರ್ಷ ನಮ್ಮೂರ ಜಾತ್ರೆಯ ದಿನ ತೇರು ಎಳೆಯುವ ಹೊತ್ತಿಗೆ ತಲೆ ಮೇಲೆ ಜೇನುಹುಳ ಎದ್ದ ಹಾಗೆ ಸದ್ದಾಯಿತು. ಜನ ತೇರು ಬಿಟ್ಟು ಮೇಲೆ ನೋಡಿದರು. ನಾನೂ ನೋಡಿದೆ. ನಾಲ್ಕು ರೆಕ್ಕೆಯ ಚಿಕ್ಕ ಯಂತ್ರ ತೇರಿನ ಕಳಸದ ಸುತ್ತ ಸುತ್ತುತ್ತಿತ್ತು. ಯಾರದಪ್ಪಾ ಇದು ಅಂತ ಪಕ್ಕದವರನ್ನು ಕೇಳಿದರೆ, "ನಿಮ್ಮ ತಮ್ಮನ ಮಗಂದೇ" ಅಂದರು.

ತಮ್ಮ ತೀರಿಕೊಂಡು ಆರು ವರ್ಷ ಆಯಿತು. ಹುಡುಗ ನಮ್ಮ ಮನೆಯಲ್ಲೇ ಬೆಳೆದವನು, ಡಿಪ್ಲೊಮಾ ಓದುತ್ತಾನೆ. ಶೇಂಗಾ ಮಾರಿದ ದುಡ್ಡಿನಲ್ಲಿ ಅವನ ಪಾಲು ಅಂತ ಅವನ ತಾಯಿ ಕೈಗೆ ಕೊಟ್ಟದ್ದನ್ನು ಇವನು ಡ್ರೋನ್ ಮಾಡಿಕೊಂಡು ಬಂದಿದ್ದ. ಅವತ್ತು ಸಂಜೆಯೇ ಪೊಲೀಸಿನವರು ಅದನ್ನು ತೆಗೆದುಕೊಂಡು ಹೋದರು. ಮೂರು ದಿನ ಸ್ಟೇಷನ್ನಿಗೆ ಅಲೆದೆ. ಅಲ್ಲಿ ಒಬ್ಬರು, "ಯಜಮಾನ್ರೆ, ಅಷ್ಟು ಜನದ ತಲೆ ಮೇಲೆ ಹಾರಿಸಿದ್ದಾನೆ, ಬಿದ್ದಿದ್ದರೆ ಏನು ಗತಿ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ತಂದೆವು. ತಪ್ಪು ನಮ್ಮದೇ.

ಬರುವಾಗ ದಾರಿಯಲ್ಲಿ ಹುಡುಗ ಒಂದೇ ಮಾತು ಕೇಳಿದ. "ದೊಡ್ಡಪ್ಪಾ, ಅಲ್ಲಿ ಬೇಡ ಇಲ್ಲಿ ಬೇಡ ಅಂತಾರೆ. ಮತ್ತೆ ಎಲ್ಲಿ ಹಾರಿಸಲಿ?" ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಮಗಳ ಹತ್ತಿರ ನಿಯಮ ಓದಿಸಿ, ಗೊತ್ತಿದ್ದವರನ್ನು ಕೇಳಿ, ಸುಮಾರು ಎರಡು ತಿಂಗಳು ಇದರ ಬೆನ್ನು ಬಿದ್ದೆ. ಈಗ ಊರೂರಲ್ಲೂ ಹುಡುಗರ ಕೈಗೆ ಡ್ರೋನ್ ಬರುತ್ತಿದೆ. ಉಳಿದ ರೈತರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಔಷಧಿ ಹೊಡೆಯುವ ಡ್ರೋನಿನ ವಿಷಯ ಅಲ್ಲ. ಅದು ಟ್ಯಾಂಕು ಹೊತ್ತು ಹಾರುವ ದೊಡ್ಡದು. ಅದಕ್ಕೆ ಡಿಜಿಸಿಎ ಒಪ್ಪಿದ ತರಬೇತಿ ಸಂಸ್ಥೆಯಲ್ಲಿ ಕಲಿತು ಸರ್ಟಿಫಿಕೇಟು ಪಡೆದವರೇ ಬೇಕು. ನಾನು ಹೇಳುತ್ತಿರುವುದು ಹುಡುಗರು ಹವ್ಯಾಸಕ್ಕೆ ಹಾರಿಸುವ, ಅಂಗೈ ಮೇಲೆ ಕೂರುವ ಚಿಕ್ಕದರ ವಿಷಯ.

ತೂಕ ಮೊದಲು

ನಮ್ಮ ದೇಶದಲ್ಲಿ ಈಗ ನಡೆಯುವುದು 2021ರ ಡ್ರೋನ್ ನಿಯಮಗಳು. ಆ ವರ್ಷ ಆಗಸ್ಟ್ 25ಕ್ಕೆ ಬಂದವು. ಅದರಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. 250 ಗ್ರಾಂವರೆಗೆ ನ್ಯಾನೋ. ಅದರ ಮೇಲೆ 2 ಕಿಲೋವರೆಗೆ ಮೈಕ್ರೋ. 2ರಿಂದ 25 ಕಿಲೋ ಸಣ್ಣದು. ಆಮೇಲಿನದು ನಮಗೆ ಬೇಡ.

ನ್ಯಾನೋ ಹಾರಿಸಲು ಪೈಲಟ್ ಸರ್ಟಿಫಿಕೇಟು ಬೇಡ, ವಿಮೆಯೂ ಕಡ್ಡಾಯವಲ್ಲ. ಮೈಕ್ರೋ ಆದರೆ ಸ್ವಂತಕ್ಕೆ ಹಾರಿಸುವವರಿಗೆ ಸರ್ಟಿಫಿಕೇಟು ಬೇಡ, ಬಾಡಿಗೆಗೋ ಮದುವೆ ಫೋಟೋಕ್ಕೋ ಆದರೆ ಬೇಕು. ವಿಮೆ ಮಾತ್ರ ಎರಡು ಸಂದರ್ಭದಲ್ಲೂ ಬೇಕು. ಮೋಟರ್ ಸೈಕಲ್ಲಿಗೆ ಮೂರನೆಯವರ ವಿಮೆ ಮಾಡಿಸುತ್ತೇವಲ್ಲ, ಅದೇ ತರಹ.

ತೂಕ ಅಂದರೆ ಬ್ಯಾಟರಿ, ಮೇಲೆ ಕಟ್ಟಿದ ಸಾಮಾನು ಎಲ್ಲ ಸೇರಿ ಹಾರುವಾಗಿನ ತೂಕ. ನಮ್ಮದನ್ನು ದಿನಸಿ ಅಂಗಡಿ ತಕ್ಕಡಿ ಮೇಲೆ ಇಟ್ಟು ನೋಡಿದೆವು. ಬರಿದು 246 ಗ್ರಾಂ. ರೆಕ್ಕೆಗೆ ಪೆಟ್ಟಾಗದಿರಲಿ ಅಂತ ಸುತ್ತಲೂ ಹಾಕುವ ಪ್ಲಾಸ್ಟಿಕ್ ಬಳೆ ಸೇರಿಸಿದರೆ 250 ದಾಟಿತು! ಹೊಸಬರು ಆ ಬಳೆ ಹಾಕಿಕೊಂಡೇ ಕಲಿಯುವುದು. ಹಾಗಾಗಿ ಡಬ್ಬಿ ಮೇಲೆ ಬರೆದದ್ದನ್ನು ನಂಬಿ ಕೂರಬೇಡಿ, ತೂಗಿ ನೋಡಿ.

ಇನ್ನು ನಂಬರು. ಟ್ರ್ಯಾಕ್ಟರಿಗೆ ನಂಬರು ಇರುವ ಹಾಗೆ ಡ್ರೋನಿಗೂ ನೋಂದಣಿ ಮಾಡಿಸಿ ನಂಬರು ಪಡೆಯಬೇಕು ಎಂಬುದು ಸಾಮಾನ್ಯ ನಿಯಮ. ಶುಲ್ಕ 100 ರೂಪಾಯಿ. ಹಳೆಯದು ಕೊಂಡರೆ ಹೆಸರು ವರ್ಗ ಮಾಡಿಸಿಕೊಳ್ಳಬೇಕು. ನಿಯಮ ಮುರಿದರೆ ದಂಡ 1 ಲಕ್ಷದವರೆಗೂ ಹೋಗಬಹುದು. ಕೊಳ್ಳುವಾಗಲೇ ಅಂಗಡಿಯವರನ್ನು "ಇದಕ್ಕೆ ನಂಬರು ಆಗುತ್ತಾ, ಕಾಗದ ಕೊಡ್ತೀರಾ" ಅಂತ ಕೇಳಿ. ಗಟ್ಟಿ ಉತ್ತರ ಬರದಿದ್ದರೆ ಅಲ್ಲಿ ಕೊಳ್ಳಬೇಡಿ.

ಹೊರದೇಶದಲ್ಲಿರುವ ನೆಂಟರು ಬರುವಾಗ ತಂದುಕೊಡ್ತಾರೆ ಅಂತ ಕಾಯುವವರೂ ಇದ್ದಾರೆ. 2022ರ ಫೆಬ್ರವರಿ 9ರಿಂದ ಹೊರಗಿನಿಂದ ಡ್ರೋನ್ ತರುವುದನ್ನು ಸರಕಾರ ನಿಷೇಧಿಸಿದೆ. ಬಿಚ್ಚಿ ತುಂಡು ಮಾಡಿ ತಂದು ಇಲ್ಲಿ ಜೋಡಿಸುವುದಕ್ಕೂ ಬಿಟ್ಟಿಲ್ಲ. ಸಂಶೋಧನೆ, ರಕ್ಷಣೆ ಅಂಥದಕ್ಕೆ ಮಾತ್ರ ವಿನಾಯಿತಿ. ಬಿಡಿಭಾಗಕ್ಕೆ ತಡೆ ಇಲ್ಲ.

ಮೂರು ಬಣ್ಣದ ಆಕಾಶ

ಈಗ ಜಾಗದ ಮಾತು. ಹೊಲದ ಪಹಣಿ ನನ್ನ ಹೆಸರಲ್ಲಿದೆ, ಹಾಗಾಗಿ ಮೇಲಿನ ಗಾಳಿಯೂ ನನ್ನದೇ ಅಂದುಕೊಂಡಿದ್ದೆ. ಹಾಗಲ್ಲ. ಸರಕಾರ ಇಡೀ ದೇಶದ ಆಕಾಶಕ್ಕೆ ಬಣ್ಣ ಬಳಿದಿದೆ. ಹಸಿರು, ಹಳದಿ, ಕೆಂಪು. ಈ ನಕ್ಷೆ ಡಿಜಿಟಲ್ ಸ್ಕೈ ಎಂಬ ಹೆಸರಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಬಂತು. ಮೊಬೈಲಿನಲ್ಲಿ ತೆಗೆದು, ನಮ್ಮೂರು ಹುಡುಕಿ, ಹೊಲದ ಮೇಲೆ ಬೆರಳಿಟ್ಟರೆ ಬಣ್ಣ ಗೊತ್ತಾಗುತ್ತದೆ.

ಹಸಿರಿನಲ್ಲಿ ನೆಲದಿಂದ 400 ಅಡಿವರೆಗೆ ಯಾರ ಅಪ್ಪಣೆಯೂ ಬೇಡ. ತೆಂಗಿನಮರ 60 ಅಡಿ ಅಂತ ಇಟ್ಟುಕೊಂಡರೆ ಆರೂವರೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಕಲಿಯುವವನಿಗೆ ಅರ್ಧ ಮರ ಸಾಕು. 400 ಅಡಿ ದಾಟಿದರೆ ಅದೇ ಆಕಾಶ ಹಳದಿಯಾಗುತ್ತದೆ. ಹಳದಿಗೆ ವಿಮಾನ ನಿಯಂತ್ರಣದವರ ಅಪ್ಪಣೆ ಬೇಕು. ಕೆಂಪಿಗೆ ಕೇಂದ್ರ ಸರಕಾರದ್ದೇ ಆಗಬೇಕು. ಹವ್ಯಾಸದ ಹುಡುಗರಿಗೆ ಹಸಿರೊಂದೇ ಗತಿ ಅಂತ ತಿಳಿದುಕೊಳ್ಳಿ.

ವಿಮಾನ ನಿಲ್ದಾಣದ ಹತ್ತಿರದವರಿಗೆ ಲೆಕ್ಕ ಬೇರೆ. ನಿಲ್ದಾಣದ ಕಾಂಪೌಂಡಿನಿಂದ 12 ಕಿ.ಮೀ. ಆಚೆ ಇದ್ದರೆ, ಅಲ್ಲಿ ಬೇರೆ ತಡೆ ಇಲ್ಲದಿದ್ದರೆ, 400 ಅಡಿ. 8ರಿಂದ 12 ಕಿ.ಮೀ. ನಡುವೆ 200 ಅಡಿ ಮಾತ್ರ ಹಸಿರು. 8 ಕಿ.ಮೀ. ಒಳಗಿದ್ದರೆ ಕೇಳದೆ ಎತ್ತಲೇಬೇಡಿ. ಬೆಂಗಳೂರು ಸುತ್ತಿನವರಿಗೆ ಬಹಳ ಕಷ್ಟ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್.ಎ.ಎಲ್. ಅಂತ ಒಂದರ ಸುತ್ತಿನ ಮೇಲೆ ಇನ್ನೊಂದರ ಸುತ್ತು ಬೀಳುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೀದರ, 2023ರಲ್ಲಿ ಶುರುವಾದ ಶಿವಮೊಗ್ಗ, ಇವುಗಳ ಸುತ್ತಿನ ರೈತರೂ ನಕ್ಷೆ ನೋಡಿಯೇ ಮುಂದುವರಿಯಬೇಕು.

ಬಣ್ಣ ಇವತ್ತು ಇದ್ದದ್ದು ನಾಳೆ ಇರಬೇಕು ಅಂತಿಲ್ಲ. ಮಂತ್ರಿ ಮಾನ್ಯರು ಬರುತ್ತಾರೆ, ಗಲಾಟೆ ಆಗುತ್ತದೆ, ಅಂಥ ತುರ್ತು ಇದ್ದಾಗ ರಾಜ್ಯ ಸರಕಾರವೋ ಪೊಲೀಸರೋ ಒಂದು ಜಾಗವನ್ನು ಒಂದು ಸಲಕ್ಕೆ 96 ಗಂಟೆವರೆಗೆ ಕೆಂಪು ಮಾಡಬಹುದು. ಎಸ್.ಪಿ. ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ ಅದನ್ನು ಮಾಡಬೇಕು. ಹೋದ ತಿಂಗಳು ನೋಡಿದ್ದೆ ಅಂದರೆ ನಡೆಯುವುದಿಲ್ಲ. ಹಾರಿಸುವ ದಿನವೇ ನೋಡಬೇಕು. ಬಿತ್ತನೆಗೆ ಮುಂಚೆ ಮೋಡ ನೋಡುವುದಿಲ್ಲವೇ, ಹಾಗೆ.

ಕಾವಲು ಸಿಗಲಿಲ್ಲ

ನಮ್ಮದು ಚಳ್ಳಕೆರೆ ತಾಲೂಕು. ಪ್ರಯಾಣಿಕರ ವಿಮಾನ ನಿಲ್ದಾಣ ಹತ್ತಿರದಲ್ಲಿ ಯಾವುದೂ ಇಲ್ಲ. ಹಾಗಾದರೆ ನಮಗೆ ತೊಂದರೆಯೇ ಇಲ್ಲ, ಕಾವಲಿಗೆ ಹೋಗಿ ಹಾರಿಸೋಣ ಅಂದ ಹುಡುಗ. ಅಮೃತಮಹಲ್ ಕಾವಲು ನೋಡಿದವರಿಗೆ ಗೊತ್ತು. ಕಣ್ಣು ಹಾಯುವಷ್ಟು ದೂರ ಹುಲ್ಲು, ಮರ ಅಪರೂಪ, ಕರೆಂಟ್ ಲೈನ್ ಕಮ್ಮಿ. ಡ್ರೋನ್ ಕಲಿಯಲು ಹೇಳಿ ಮಾಡಿಸಿದ ಜಾಗ ಅಂತ ನನಗೂ ಅನ್ನಿಸಿತ್ತು.

ಅದೇ ಆಲೋಚನೆ ನಮಗಿಂತ ದೊಡ್ಡವರಿಗೆ ಮೊದಲೇ ಬಂದಿದೆ. ಡಿ.ಆರ್.ಡಿ.ಓ.ದವರು ಪೈಲಟ್ ಇಲ್ಲದ ದೊಡ್ಡ ವಿಮಾನಗಳನ್ನು ಪರೀಕ್ಷೆ ಮಾಡುವ ಕೇಂದ್ರವನ್ನು ರನ್‌ವೇ ಸಮೇತ ನಮ್ಮ ಕಾವಲಿನಲ್ಲೇ ಮಾಡಿ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಮಾಡಿದರು. ವಿಜ್ಞಾನ ಸಂಸ್ಥೆ, ಇಸ್ರೋ, ಅಣುಶಕ್ತಿಯವರಿಗೂ ಇಲ್ಲಿ ಜಾಗ ಕೊಟ್ಟಿದ್ದಾರೆ. ಹೀಗೆ ಸಾವಿರಾರು ಎಕರೆ ದನ ಕುರಿಗೆ ತಪ್ಪಿಹೋದ ಕಥೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ದೇಶದ ದೊಡ್ಡ ಡ್ರೋನ್ ಹಾರುವ ತಾಲೂಕಿನಲ್ಲಿ ನಮ್ಮ ಹುಡುಗನ 246 ಗ್ರಾಂಗೆ ಕಾವಲಿನಲ್ಲಿ ಜಾಗ ಇಲ್ಲ! ನಗು ಬಂತು. ಆದರೆ ರಕ್ಷಣಾ ಕೇಂದ್ರದ ಆಸುಪಾಸು ಹಾರಿಸುವುದು ಆಟದ ಮಾತಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕು ಅಂತ ಖಡಕ್ಕಾಗಿ ಹೇಳಿದೆ.

ದೊಡ್ಡವರದ್ದೂ ಬೀಳುತ್ತದೆ ಅನ್ನುವುದು ನೆನಪಿರಲಿ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ರುಸ್ತುಂ-2 ಎಂಬ ಅವರ ವಿಮಾನ ಜೋಡಿ ಚಿಕ್ಕೇನಹಳ್ಳಿ ಹತ್ತಿರ ಅಡಿಕೆ ತೋಟಕ್ಕೆ ಬಿತ್ತು. 2023ರ ಆಗಸ್ಟ್ 20ಕ್ಕೆ ಹಿರಿಯೂರು ತಾಲೂಕು ವದ್ದಿಕೆರೆ ಹತ್ತಿರ ಹೊಲದಲ್ಲಿ ತಪಸ್ ಬಿತ್ತು. ಎರಡು ಸಲವೂ ಜನಕ್ಕೆ ಏನೂ ಆಗಲಿಲ್ಲ. ಅಷ್ಟು ಓದಿದವರು ಹಾರಿಸಿದ್ದೇ ರೈತನ ಹೊಲಕ್ಕೆ ಬಿದ್ದ ಮೇಲೆ, ನಿನ್ನೆ ಡಬ್ಬಿ ಬಿಚ್ಚಿದ ಹುಡುಗನದ್ದು ಬೀಳದೆ ಇರುತ್ತದೆಯೇ? ಹೊಸಬನಿಗೆ ಜಾಗ ಹುಡುಕುವುದು ಅಂದರೆ ಹಾರಲು ಜಾಗ ಹುಡುಕುವುದಲ್ಲ, ಬೀಳಲು ಜಾಗ ಹುಡುಕುವುದು. ಇದು ಹೊಳೆದ ಮೇಲೆ ನನ್ನ ಅರ್ಧ ಕೆಲಸ ಮುಗಿಯಿತು.

ಹುಡುಗನ ಪಟ್ಟಿಯಲ್ಲಿ ಇನ್ನೂ ಜಾಗ ಇದ್ದವು. ಚಿತ್ರದುರ್ಗದ ಕೋಟೆ ಅಂದ. ಅದು ಪುರಾತತ್ವ ಇಲಾಖೆಯದು, ಅವರ ಅಪ್ಪಣೆ ಇಲ್ಲದೆ ಡ್ರೋನ್ ಒಯ್ಯುವಂತಿಲ್ಲ. ಜೋಗಿಮಟ್ಟಿ ಅಂದ. ಅದು ವನ್ಯಧಾಮ, ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಬಿಡಲೂ ಬಾರದು. ವಾಣಿವಿಲಾಸ ಸಾಗರ ಅಂದ. ಅಣೆಕಟ್ಟು ಅಂದರೆ ಕಾವಲು ಇರುವ ಜಾಗ, ಬೇಡ ಅಂದೆ. ಗಾಳಿಯಂತ್ರಗಳ ಗುಡ್ಡ ಅಂದ. ಅಲ್ಲಿ ಗಾಳಿ ಇದೆ ಅಂತಲೇ ತಾನೇ ಅವನ್ನು ನೆಟ್ಟಿರುವುದು!

ಹಸಿರಾದರೂ ಕುರಿಗೆ ಗೊತ್ತಿಲ್ಲ

ಕೊನೆಗೆ ನಮ್ಮ ಹೊಲದ ಮೇಲೆ ಬೆರಳಿಟ್ಟು ನೋಡಿದೆವು. ಹಸಿರು. ಹುಡುಗ ಕುಣಿದ. ಮಾರನೆ ದಿನವೇ ಎತ್ತಿದ. ಹತ್ತು ನಿಮಿಷ ಆಗಿಲ್ಲ, ಬದುವಿನ ಆಚೆಯಿಂದ ಕುರಿ ಕಾಯುವ ಅಜ್ಜ ಕೋಲು ಎತ್ತಿಕೊಂಡು ಓಡಿ ಬಂದ. "ಏನ್ ಯಜಮಾನ್ರೇ, ಅದೇನೋ ಗುಂಯ್ ಅನ್ನೋದನ್ನ ಬಿಟ್ಟೀರಲ್ಲ, ಕುರಿಯೆಲ್ಲ ಚೆಲ್ಲಾಪಿಲ್ಲಿ ಆಗ್ಯಾವೆ" ಅಂತ ಬಾಯಿಗೆ ಬಂದಂತೆ ಬೈದ. ಗಬ್ಬದ ಕುರಿ ಒಂದು ಹೆದರಿ ಕೃಷಿ ಹೊಂಡದ ಏರಿ ಮೇಲಿಂದ ಉರುಳಿ ಕಾಲು ಮುರಿದುಕೊಂಡಿತ್ತು.

ಕಾನೂನು ನಮ್ಮ ಕಡೆ ಇತ್ತು. ಜಾಗ ನಮ್ಮದು, ಆಕಾಶ ಹಸಿರು, ಎತ್ತರ 50 ಅಡಿ. ಹುಡುಗ ಮೊಬೈಲ್ ತೆಗೆದು ಅಜ್ಜನಿಗೆ ನಕ್ಷೆ ತೋರಿಸಲು ಹೋದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಜ್ಜನಿಗೆ ಬಣ್ಣ ತೋರಿಸಿ ಏನು ಪ್ರಯೋಜನ? ಕಾಲು ಕಟ್ಟಿಸಿದೆವು, ಔಷಧಿ ಖರ್ಚು ಕೊಟ್ಟೆವು. ಕುರಿ ಉಳಿಯಿತು, ಮರಿ ಉಳಿಯಲಿಲ್ಲ. ಮರಿಯ ಬೆಲೆ ಕೊಡಲು ಹೋದರೆ ಅಜ್ಜ ತೆಗೆದುಕೊಳ್ಳಲಿಲ್ಲ, ನಮ್ಮ ಜೊತೆ ಮಾತೂ ಬಿಟ್ಟ. ನಲವತ್ತು ವರ್ಷದಿಂದ ಶೇಂಗಾ ಕಿತ್ತ ಮೇಲೆ ನಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದವನು ಈ ಸಲ ಬರಲಿಲ್ಲ. ಗೊಬ್ಬರ ಹೋಯಿತು ಅನ್ನುವುದಕ್ಕಿಂತ ಮನುಷ್ಯ ಹೋದನಲ್ಲ ಅಂತ ಬೇಜಾರಾಯಿತು.

ನಕ್ಷೆ ಹೇಳುವುದು ವಿಮಾನದವರ ಮಾತು. ಕೆಳಗೆ ಯಾರು ಇದ್ದಾರೆ ಅಂತ ಅದು ಹೇಳುವುದಿಲ್ಲ. ಬೋರಿನ ತೊಟ್ಟಿ ಹತ್ತಿರ ಬಟ್ಟೆ ಒಗೆಯುವ ಹೆಂಗಸರು, ಹಿತ್ತಲು, ಕಣ, ದನದ ಕೊಟ್ಟಿಗೆ, ಇವೆಲ್ಲ ನಾವೇ ನೋಡಿಕೊಳ್ಳಬೇಕು. ಕ್ಯಾಮರಾ ಇರುವ ಯಂತ್ರ ತಲೆ ಮೇಲೆ ನಿಂತರೆ ಯಾರಿಗಾದರೂ ಮೈ ಉರಿಯುತ್ತದೆ. ಬೇರೆಯವರ ಹೊಲಕ್ಕೆ ಬಿದ್ದರೆ ಹುಡುಕಲು ಪೈರು ತುಳಿಯಬೇಕು, ಅದಕ್ಕೂ ಕೇಳಬೇಕು. ಯಾರಿಗಾದರೂ ಪೆಟ್ಟಾಗುವಂಥ ಅಪಘಾತ ಆದರೆ 48 ಗಂಟೆ ಒಳಗೆ ಡಿಜಿಸಿಎಗೆ ತಿಳಿಸಬೇಕು ಅಂತಲೂ ನಿಯಮ ಇದೆ.

ನಾವು ಆರಿಸಿದ ಜಾಗ

ಈಗ ಹಾರಿಸುವುದು ಊರಿಂದ ದೂರದ ಮೂರೆಕರೆ ಕೆಂಪು ಹೊಲದಲ್ಲಿ. ಶೇಂಗಾ ಕಿತ್ತ ಮೇಲೆ ಮುಂಗಾರಿನವರೆಗೆ ಅದು ಖಾಲಿ. ಒಂದು ಎಕರೆ ಚೌಕ ಇದ್ದರೆ ಒಂದು ಬದಿ ಸುಮಾರು 209 ಅಡಿ ಬರುತ್ತದೆ. ಕಲಿಯುವವನಿಗೆ ನಡುವಿನ ಒಂದು ಎಕರೆ, ತಪ್ಪಿ ಹೋದರೆ ಬೀಳಲು ಸುತ್ತಲಿನ ಎರಡು ಎಕರೆ. ಅಂಚಿನಲ್ಲಿ ಕರೆಂಟ್ ಲೈನ್ ಇರುವ ಹೊಲವನ್ನು ಬಿಟ್ಟೆವು. ತಂತಿ ಮೊಬೈಲ್ ಪರದೆಯಲ್ಲಿ ಕಾಣುವುದಿಲ್ಲ. ಲೈನಿಗೆ ಸಿಕ್ಕಿಕೊಂಡರೆ ಕೋಲು ಹಾಕಿ ತೆಗೆಯಲು ಯಾವ ಹುಡುಗನೂ ಹೋಗಬಾರದು, ಲೈನ್‌ಮ್ಯಾನಿಗೆ ಹೇಳಬೇಕು. ಪಂಪ್‌ಹೌಸ್, ಟ್ರ್ಯಾಕ್ಟರ್ ಪಕ್ಕದಿಂದಲೂ ಎತ್ತಬಾರದು, ಕಬ್ಬಿಣ ಹತ್ತಿರ ಇದ್ದರೆ ಅದರೊಳಗಿನ ದಿಕ್ಸೂಚಿ ತಪ್ಪುತ್ತದೆ. ಬರಿ ಮಣ್ಣಿನ ಮೇಲಿಂದ ಎತ್ತಿದರೆ ಧೂಳು ಮೋಟರಿಗೆ ಹೋಗುತ್ತದೆ, ನಾವು ಹಳೆ ತಾಡಪಾಲಿನ ತುಂಡು ಹಾಸುತ್ತೇವೆ.

ಹೊತ್ತು ಅಂದರೆ ಬೆಳಿಗ್ಗೆ ಏಳರ ಸುಮಾರು. ಎಂಟೂವರೆ ಒಂಬತ್ತಕ್ಕೆ ನಮ್ಮ ಕಡೆ ಗಾಳಿ ಏಳುತ್ತದೆ. ಆಷಾಢದಲ್ಲಂತೂ ಡಬ್ಬಿ ತೆಗೆಯುವುದೇ ಬೇಡ, ಮನುಷ್ಯನನ್ನೇ ದೂಡುವ ಗಾಳಿಗೆ 246 ಗ್ರಾಂ ಯಾವ ಲೆಕ್ಕ? ಗಾಳಿ ಹೋಗುವ ಕಡೆಗೆ ಮೊದಲು ಬಿಟ್ಟರೆ ಹೋಗುವಾಗ ಸಲೀಸು, ಬರುವಾಗ ಎದುರು ಗಾಳಿಗೆ ಬ್ಯಾಟರಿ ಸಾಲುವುದಿಲ್ಲ. ಹಾಗಾಗಿ ಮೊದಲು ಗಾಳಿಗೆ ಎದುರಾಗಿ ಬಿಡಬೇಕು. ಹದ್ದು ಸುತ್ತುತ್ತಿದ್ದರೆ ಇಳಿಸಿಬಿಡಬೇಕು. ಒಂದು ಸಲ ಎರಗಿತು, ನಮ್ಮ ಪುಣ್ಯ, ಬರೀ ರೆಕ್ಕೆ ಮುರಿಯಿತು. ಮನೆಗೆ ಬಾ ಅನ್ನುವ ಗುಂಡಿ ಒತ್ತಿದರೆ ಅದು ಮೊದಲು ಗೊತ್ತು ಮಾಡಿದ ಎತ್ತರಕ್ಕೆ ಏರಿ ಆಮೇಲೆ ಬರುತ್ತದೆ. ಮರದ ಕೆಳಗಿದ್ದಾಗ ಅದನ್ನು ಒತ್ತಿದರೆ ಕೊಂಬೆಗೆ ಹೋಗಿ ಬಡಿಯುತ್ತದೆ. ಇದು ಕೂಡ ಕಳೆದುಕೊಂಡೇ ಕಲಿತದ್ದು, ಹೋದದ್ದು ಒಂದು ಜೊತೆ ರೆಕ್ಕೆ, ಒಂದು ಬೇವಿನ ಮರ ಹತ್ತುವ ಕೆಲಸ. ಮೊದಲ ಹದಿನೈದು ದಿನ ಆಳೆತ್ತರ ಎರಡಾಳೆತ್ತರ ಬಿಟ್ಟು ಮೇಲೆ ಹೋಗಬೇಡ, ಬರಿಗಣ್ಣಿಗೆ ಕಾಣದಷ್ಟು ದೂರ ಯಾವತ್ತೂ ಬಿಡಬೇಡ ಅಂತ ಕಟ್ಟು ಹಾಕಿದ್ದೆ. ಬ್ಯಾಟರಿ ಉಬ್ಬಿದರೆ ಮತ್ತೆ ಚಾರ್ಜಿಗೆ ಹಾಕಬಾರದು, ಬೆಂಕಿ ಹಿಡಿಯುತ್ತದೆ.

ಎತ್ತುವ ಹಿಂದಿನ ದಿನ ಸಂಜೆ ಹುಡುಗ ಸುತ್ತಲಿನ ನಾಲ್ಕು ಹೊಲದವರಿಗೂ ಹೇಳಿ ಬರಬೇಕು, ಅದು ನನ್ನ ಶರತ್ತು. ಮೊದಲು ನಾಚಿಕೊಂಡ. ಆಮೇಲೆ ಅವರೇ, "ನಮ್ಮ ಬದುನೂ ಒಂದಪ ನೋಡಪ್ಪಾ" ಅನ್ನಲು ಶುರು ಮಾಡಿದರು. ಮೇಲಿಂದ ತೆಗೆದ ಚಿತ್ರದಲ್ಲಿ ನನ್ನ ಹೊಲದ ಬದು ಎರಡು ಕಡೆ ಒಡೆದು ನೀರು ಹರಿದ ಗುರುತು ಹಾವಿನ ಹಾಗೆ ಕಂಡಿತು. ಮೂವತ್ತು ವರ್ಷ ಅದೇ ಬದುವಿನ ಮೇಲೆ ಓಡಾಡಿದ್ದೇನೆ, ಕೆಳಗಿನಿಂದ ಒಂದೇ ಕಡೆ ಕಂಡಿತ್ತು. ಇನ್ನೊಂದು ಕಡೆಯೂ ಕಲ್ಲು ಹಾಕಿಸಿದೆ.

ಕುರಿ ಅಜ್ಜನ ಹಟ್ಟಿಗೆ ಹುಡುಗನೇ ಹೋಗಿದ್ದ, ನಾನು ಕಳಿಸಿದ್ದಲ್ಲ. ಎರಡು ಸಲ ಹೋದಾಗ ಅಜ್ಜ ಮುಖ ಕೊಡಲಿಲ್ಲವಂತೆ. ಮೂರನೆ ಸಲ ಕೂತ್ಕೋ ಅಂದನಂತೆ. ಈಗ ನಾಳೆ ಮಂದೆ ಯಾವ ದಿಕ್ಕಿಗೆ ಅಂತ ಅಜ್ಜನ ಮೊಮ್ಮಗ ಫೋನು ಮಾಡಿ ಹೇಳುತ್ತಾನೆ. ಆ ದಿಕ್ಕಿನಲ್ಲಿ ಅವತ್ತು ಹಾರಿಸುವುದಿಲ್ಲ. ನಮ್ಮ ಹೊಲಕ್ಕೆ ಕುರಿ ತರುಬುವ ಮಾತು ಇನ್ನೂ ಆಗಿಲ್ಲ. ಈ ಸಲ ಶೇಂಗಾ ಕಿತ್ತ ಮೇಲೆ ನಾನೇ ಹೋಗಿ ಕೇಳಬೇಕು ಅಂದುಕೊಂಡಿದ್ದೇನೆ.